ಮಿಸ್ ಕಾಪಿ ಮಾಡಿಟ್ಟ ಊರು

ಹೋದ ವಾರ ಕಳಸದ ಹತ್ತಿರ ನಾನು ಕೆಲಸ ಮಾಡುವ ಎಸ್ಟೇಟ್ ಆಫೀಸಿಗೆ ಸಿಡಿಲು ಬಡಿದು ಯುಪಿಎಸ್ ಸುಟ್ಟುಹೋಯಿತು. ಕಾಫಿ ಹೂವಿಗೆಂದು ಕಾಯುತ್ತಿದ್ದ ಮಳೆ ಅದು, ಹಾಗಾಗಿ ಎಲ್ಲರೂ ಖುಷಿಯಲ್ಲೇ ಇದ್ದರು. ತೋಟದ ಲೆಕ್ಕ ಬರೆಯುವ ರೈಟರು ಬಾಗಿಲಲ್ಲಿ ನಿಂತು ಎಷ್ಟು ಮಳೆ ಬಂತೆಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ನನ್ನ ಮೂಗಿಗೆ ಬಡಿದದ್ದು ಮಾತ್ರ ಆ ವಾಸನೆ... ಕರಟಿದ ಪ್ಲಾಸ್ಟಿಕ್ಕು, ಬಿಸಿಯಾದ ತಂತಿ, ಅದರ ಹಿಂದೆಯೇ ಹಸಿ ಮಣ್ಣು. ಕಂಪ್ಯೂಟರನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಿದೆ. ಅದಕ್ಕೇನೂ ಆಗಿರಲಿಲ್ಲ. ಆದರೂ ಕೂರಲಾಗಲಿಲ್ಲ. ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದೆ.

"ಎಂತ ಮೇಡಂ, ಯಾರೋ ತೀರ್ಕೊಂಡ ಹಾಗೆ ಮುಖ ಮಾಡ್ಕೊಂಡಿದ್ದೀರಲ್ಲ" ಎಂದರು ರೈಟರು. ನಾನು ನಕ್ಕು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದೆ. ಅವರಿಗೆ ಮಿಸ್ ವಿಷಯ ಗೊತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಅಪ್ಪ ಗಣಿ ಕಂಪನಿಯ ವರ್ಕ್‌ಶಾಪಿನಲ್ಲಿದ್ದರು. ನಮ್ಮ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದವರು ಮಿಸ್. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು, ನನಗೂ ಕಲಿಸಿದ್ದರು. ಶಾಲೆ ಬಿಟ್ಟು ಎಷ್ಟು ವರ್ಷವಾದರೂ ಬಾಯಲ್ಲಿ ಮಿಸ್ ಎಂದೇ ಉಳಿಯಿತು. ಅವರ ಗಂಡ ಕಂಪನಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿದ್ದರು, ನಮಗೆಲ್ಲ ಅಂಕಲ್. ಇಬ್ಬರೇ ಇದ್ದ ಮನೆ. ಅಂಕಲ್ ಎಷ್ಟು ನಿಧಾನವೋ ಮಿಸ್ ಅಷ್ಟು ಗಡಿಬಿಡಿ. ಅವರು ಕೂತು ಕಾಫಿ ಕುಡಿದು ಮುಗಿಸಿದ್ದನ್ನು ನಾನು ನೋಡಿದ ನೆನಪಿಲ್ಲ. ಅರ್ಧ ಕುಡಿದ ಲೋಟ ಕಿಟಕಿಯ ಮೇಲೊಂದು, ಟಿವಿಯ ಮೇಲೊಂದು ಇರುತ್ತಿತ್ತು. ನೆರಿಗೆ ಎತ್ತಿ ಹಿಡಿದು, ಮಂಜಿನೊಳಗೆ ದಡದಡನೆ ನಡೆದುಹೋಗುವ ಅವರನ್ನು ಸದ್ದಿನಿಂದಲೇ ಗುರುತಿಸುತ್ತಿದ್ದೆವು.

ಗಣಿ ನಿಲ್ಲುತ್ತದೆ ಎಂಬ ಮಾತು ಬಹಳ ವರ್ಷಗಳಿಂದ ಇತ್ತು. ಇದ್ದದ್ದರಿಂದಲೇ ಯಾರೂ ನಂಬಿರಲಿಲ್ಲ. ನಿಂತ ಮೇಲೆ ಮಾತ್ರ ಊರು ಕೈಯಿಂದ ಜಾರುವುದು ಕಣ್ಣಿಗೆ ಕಾಣತೊಡಗಿತು. ಪ್ರತಿ ವಾರ ಯಾರದೋ ಮನೆ ಮುಂದೆ ಲಾರಿ. ಮಂಚ, ಗ್ಯಾಸ್ ಸಿಲಿಂಡರ್, ತುಳಸಿ ಕುಂಡ ಲಾರಿಗೆ ಏರುತ್ತಿದ್ದವು. ಮಕ್ಕಳು ಅಳುತ್ತಿದ್ದರು, ದೊಡ್ಡವರು ಅಡ್ರೆಸ್ ಬರೆದುಕೊಳ್ಳುತ್ತಿದ್ದರು. ಲಾರಿ ಹೋದ ಮೇಲೆ ಆ ಮನೆಯ ಅಂಗಳದಲ್ಲಿ ಹುಲ್ಲು ಏಳುವುದಕ್ಕೆ ಒಂದು ಮಳೆಗಾಲವೂ ಬೇಕಾಗುತ್ತಿರಲಿಲ್ಲ.

ನನ್ನ ಬಿ.ಕಾಂ. ಮುಗಿದು, ಮುಂದೇನು ಎಂದು ತಿಳಿಯದೆ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಮಿಸ್ ಬಂದು, "ನೀನು ಸುಮ್ನೆ ಕೂತಿದ್ದೀಯಲ್ಲ, ಬಾ ನನ್ನ ಜೊತೆ" ಎಂದು ಕೈ ಹಿಡಿದೇ ಎಬ್ಬಿಸಿದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಪಕ್ಕದಲ್ಲಿ ಹೊಸ ಸ್ಕ್ಯಾನರ್. ಮೇಜಿನ ಮೇಲೆ ಯಾರದೋ ಮನೆಯ ಫೋಟೋ ಆಲ್ಬಂಗಳ ರಾಶಿ.

"ಇವ್ರು ನಾಡಿದ್ದು ಹೊರಡ್ತಾರೆ. ಅಷ್ಟ್ರೊಳಗೆ ಎಲ್ಲ ಇದರೊಳಗೆ ಹಾಕ್ಬೇಕು."

ಯಾಕೆ ಎಂದು ಕೇಳಿದೆ.

"ಬೇರೆ ಊರೋರಿಗೆ ಅಜ್ಜನ ಮನೆ ಇರತ್ತೆ, ದೇವಸ್ಥಾನ ಇರತ್ತೆ. ನಮಗೆ ಎಂತ ಇದೆ ಹೇಳು. ಆಂಧ್ರದೋರು, ಕೇರಳದೋರು, ಮಂಗ್ಳೂರೋರು, ನಾನು ಆಲ್ದೂರಿನೋಳು. ಇಲ್ಲಿಂದ ಹೋದ್ಮೇಲೆ ನಾವೆಲ್ಲ ಒಂದೂರೋರು ಅಂತ ಯಾರು ಹೇಳ್ತಾರೆ?"

ಅಲ್ಲಿಂದ ಶುರುವಾಯಿತು. ಮನೆಮನೆಗೆ ಹೋಗಿ ಆಲ್ಬಂ ಕೇಳುವುದು, ತಂದು ಸ್ಕ್ಯಾನ್ ಮಾಡುವುದು, ಲಾರಿ ಬರುವ ಮೊದಲು ಹಿಂದಿರುಗಿಸುವುದು. ಬರೀ ಫೋಟೋ ಸಿಕ್ಕಿದರೆ ಮಿಸ್‌ಗೆ ಸಾಲುತ್ತಿರಲಿಲ್ಲ. ಆ ಮನೆಯವರನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು. "ಎಡಗಡೆಯಿಂದ ಹೇಳಿ" ಎಂದು ಶುರು ಮಾಡುತ್ತಿದ್ದರು. ಇವರು ಯಾರು, ಯಾವ ಸೆಕ್ಷನ್, ಇದು ಯಾರ ಮದುವೆ, ಈ ಮಗು ಈಗ ಎಲ್ಲಿದೆ... ಹೇಳಿದ್ದನ್ನೆಲ್ಲ ನಾನು ಟೈಪ್ ಮಾಡುತ್ತಿದ್ದೆ. ಅವರು ನನ್ನ ಬೆನ್ನ ಹಿಂದೆ ಓಡಾಡುತ್ತಲೇ ಇರುತ್ತಿದ್ದರು.

ಒಂದು ದಿನ ಕಂಪನಿ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜ ಬಂದರು. ಕಾಸರಗೋಡಿನ ಕಡೆಯವರು, ಊರು ಕಟ್ಟುವ ಮೊದಲೇ ಬಂದವರು. ಅವರ ಹತ್ತಿರ ಇದ್ದದ್ದು ಒಂದೇ ಫೋಟೋ. ತಗಡಿನ ಶೆಡ್ಡಿನ ಮುಂದೆ, ಕೆಸರಿನಲ್ಲಿ ಗಂಬೂಟು ಹಾಕಿಕೊಂಡು ಸಾಲಾಗಿ ನಿಂತ ಗಂಡಸರು. ಅಜ್ಜ ಆ ಸಾಲಿನುದ್ದಕ್ಕೂ ಬೆರಳಿಟ್ಟು ಎಲ್ಲರ ಹೆಸರು ಹೇಳಿದರು. ಹೆಸರಿನ ಜೊತೆ ಅವರು ಏನು ಇಷ್ಟಪಟ್ಟು ತಿನ್ನುತ್ತಿದ್ದರು ಎನ್ನುವುದನ್ನೂ ಹೇಳಿದರು. ಒಬ್ಬನಿಗೆ ಮಾತ್ರ, ಬೆರಳು ಅಲ್ಲೇ ಇಟ್ಟುಕೊಂಡು, "ಇವನು ಪಾಪ, ಜಾಸ್ತಿ ದಿವಸ ಇರ್ಲಿಲ್ಲ" ಎಂದರು. ಮಿಸ್ ಆ ದಿನ ಓಡಾಡದೆ ನಿಂತಲ್ಲೇ ನಿಂತಿದ್ದರು.

ಅಂಕಲ್ ಆಗಾಗ ಬಾಗಿಲಿಗೆ ಬಂದು ಇಣುಕುತ್ತಿದ್ದರು. "ಇಷ್ಟೆಲ್ಲ ಒಂದೇ ಡಬ್ಬದೊಳಗೆ ತುಂಬಿದ್ದೀಯಲ್ಲ, ಇನ್ನೊಂದು ಕಾಪಿ ಮಾಡಿಟ್ಕೋ ಮಾರಾಯ್ತಿ."

"ಮಾಡ್ತೀನಿ. ಈಗ ನಾಯರ್ ಮನೆಯೋರು ಹೊರಡೋದ್ರಲ್ಲಿದ್ದಾರೆ."

ನಾಯರ್ ಮನೆಯ ನಂತರ ಇನ್ನೊಂದು ಮನೆ, ಅದರ ನಂತರ ಮತ್ತೊಂದು. ಆ ಕಂಪ್ಯೂಟರಿನಲ್ಲಿ ಸಿಡಿ ಬರೆಯುವ ಸೌಕರ್ಯ ಇರಲಿಲ್ಲ. ಕಾಪಿ ಮಾಡಬೇಕೆಂದರೆ ಡಬ್ಬವನ್ನೇ ಬಸ್ಸಿನಲ್ಲಿಟ್ಟುಕೊಂಡು ಕಳಸದ ಅಂಗಡಿಗೆ ಹೋಗಬೇಕಿತ್ತು. ಮಳೆಗಾಲಕ್ಕೆ ಮೊದಲು ಒಮ್ಮೆ ಹಾಗೆ ಹೋಗಿದ್ದೆವು. ಮಿಸ್ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ತಿರುವು ಬಂದಾಗಲೆಲ್ಲ ಡ್ರೈವರಿಗೆ "ನಿಧಾನ ಮಾರಾಯ, ನಿಧಾನ" ಎಂದು ಕೂಗುತ್ತಿದ್ದರು. ಅಲ್ಲಿಯವರೆಗಿನದೆಲ್ಲ ಸಿಡಿಗಳಿಗೆ ಇಳಿಯಿತು. ಸಿಡಿಗಳು ಅವರ ಪುಸ್ತಕದ ಕಪಾಟಿನಲ್ಲಿ ಕೂತವು. ಆಮೇಲೆ ಮಳೆ ಹಿಡಿಯಿತು. ಕುದುರೆಮುಖದ ಮಳೆ ಹಿಡಿದರೆ ಬಿಡುವುದಲ್ಲ. ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿಟ್ಟರೂ ಸೀರೆಗಳು ಮುಗ್ಗಲು ನಾರುತ್ತಿದ್ದವು.

ಸಿಡಿಲು ಬಡಿದದ್ದು ಮಳೆಗಾಲ ಮುಗಿದು, ಹಿಂಗಾರು ಗುಡುಗಲು ಶುರುವಾದಾಗ. ಸಂಜೆ ಹೊತ್ತು. ನಾನು ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕಣ್ಣು ಕತ್ತಲಿಡುವಂಥ ಬೆಳಕು, ಆಮೇಲೆ ಸದ್ದು. ಸ್ವಲ್ಪ ಹೊತ್ತಿನಲ್ಲೇ ಮಿಸ್ ಮನೆಯಿಂದ ಅಂಕಲ್ ನನ್ನ ಹೆಸರು ಹಿಡಿದು ಕರೆದರು. ಓಡಿಹೋದೆ. ಕೋಣೆಯ ತುಂಬ ಆ ವಾಸನೆ...

ಗುಡುಗು ಶುರುವಾದ ಕೂಡಲೇ ಮಿಸ್ ಕರೆಂಟಿನ ಪ್ಲಗ್ ಕಿತ್ತಿದ್ದರು. ಇಂಟರ್ನೆಟ್ಟಿಗೆಂದು ಡಬ್ಬದ ಹಿಂದೆ ಸಿಕ್ಕಿಸಿದ್ದ ಟೆಲಿಫೋನ್ ತಂತಿ ಅವರಿಗೆ ನೆನಪಾಗಿರಲಿಲ್ಲ. ಸಿಡಿಲು ಅದರಲ್ಲೇ ಬಂದಿತ್ತು. ಗೋಡೆಯ ಮೇಲೆ ತಂತಿಯುದ್ದಕ್ಕೂ ಕಪ್ಪು ಗೆರೆ. ಮಿಸ್ ಕುರ್ಚಿಯಲ್ಲಿ ಕೂತಿದ್ದರು. ಹಾಗೆ ಕೂತದ್ದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಸಿಡಿ ಇದ್ಯಲ್ಲ ಮಿಸ್" ಎಂದೆ. ಅವರು ಹೌದೆಂದು ತಲೆಯಾಡಿಸಿದರು.

ಮರುದಿನವೇ ಕಳಸಕ್ಕೆ ಓಡಿದೆವು. ಕಪಾಟಿನಿಂದ ತೆಗೆದ ಸಿಡಿಗಳ ಮೈಮೇಲೆ ಬಿಳಿ ಬೂಷ್ಟು, ಬಳ್ಳಿಯ ಹಾಗೆ ಹಬ್ಬಿತ್ತು. ಅಂಗಡಿಯವನು ಮೆತ್ತಗೆ ಒರೆಸಿ ಹಾಕಿ ನೋಡಿದ. ಕೆಲವು ತಿರುಗಿ ತಿರುಗಿ ನಿಂತವು. ಕೆಲವು ತೆರೆದುಕೊಂಡವು, ಆದರೆ ಫೋಟೋ ಅರ್ಧಕ್ಕೇ ನಿಲ್ಲುತ್ತಿತ್ತು. ಹಣೆ, ಕಣ್ಣು, ಮೂಗಿನವರೆಗೆ ಮುಖ. ಅದರ ಕೆಳಗೆ ಬರೀ ಬೂದು ಬಣ್ಣ. ಮಿಸ್ ಒಂದಾದ ಮೇಲೊಂದು ಹಾಕಿಸುತ್ತಲೇ ಇದ್ದರು. "ಇನ್ನೊಂದು ಹಾಕಿ, ಇನ್ನೊಂದು ಹಾಕಿ" ಎನ್ನುವ ಅವರ ಧ್ವನಿ ಏರುತ್ತಾ ಹೋಗಿ, ಅಂಗಡಿಗೆ ಬಂದಿದ್ದವರೆಲ್ಲ ತಿರುಗಿ ನೋಡತೊಡಗಿದರು.

ಸುಟ್ಟ ಹಾರ್ಡ್‌ಡಿಸ್ಕ್ ಮಂಗಳೂರಿಗೆ ಹೋಯಿತು, ಬೆಂಗಳೂರಿಗೂ ಹೋಗಿ ಬಂತು. ಅದರೊಳಗಿಂದ ಏನೂ ಹೊರಬರಲಿಲ್ಲ.

ಆ ಕೆಲವು ದಿನ ಪಕ್ಕದ ಮನೆಯಿಂದ ಸದ್ದೇ ಇರಲಿಲ್ಲ. ಅಂಕಲ್ ಅಡುಗೆ ಮಾಡುತ್ತಿದ್ದರು. ಅಮ್ಮ ಸಾರು ಕೊಟ್ಟುಬರಲು ಹೋದಾಗ ಮಿಸ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ. ನನಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾನು ಟೈಪ್ ಮಾಡಿದ ಹೆಸರುಗಳಲ್ಲಿ ಎಷ್ಟು ನೆನಪಿವೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಅಂಗಳದಲ್ಲಿ ತಿರುಗುತ್ತಿದ್ದೆ. ಕೆಲವು ಬರುತ್ತಿದ್ದವು. ಮುಖ ಯಾವುದು, ಹೆಸರು ಯಾವುದು ಎನ್ನುವುದು ಕಲಸಿಹೋಗುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಅದೇ ದಡದಡ ನಡಿಗೆ. ಮಿಸ್ ಬ್ಯಾಗು ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. "ನಾಯರ್ ಮನೆಯೋರು ಮಂಗ್ಳೂರಲ್ಲೇ ಇದ್ದಾರಂತೆ. ಆಲ್ಬಂ ಇದ್ದೇ ಇರತ್ತೆ. ಮತ್ತೆ ಶುರು ಮಾಡ್ತೀನಿ."

"ಎಲ್ಲರೂ ಎಲ್ಲೆಲ್ಲೋ ಹೋಗಿದ್ದಾರಲ್ಲ ಮಿಸ್."

"ಹೋಗಿದ್ದಾರೆ, ಅಲ್ದಾ? ಸತ್ತಿಲ್ವಲ್ಲ."

ನಮ್ಮ ಲಾರಿಯೂ ಬಂತು, ನಾವು ಕಳಸಕ್ಕೆ ಬಂದೆವು. ಅಂಕಲ್ ಕೆಲಸ ಬಿಟ್ಟು ಮೂಡಿಗೆರೆಯಲ್ಲಿ ಬಾಡಿಗೆ ಮನೆ ಹಿಡಿದರು. ಮಿಸ್ ಆ ಮನೆಯಲ್ಲಿ ಇದ್ದದ್ದಕ್ಕಿಂತ ಬಸ್ಸಿನಲ್ಲಿ ಇದ್ದದ್ದೇ ಹೆಚ್ಚು. ಕಾರ್ಕಳ, ಭದ್ರಾವತಿ, ಹೊಸಪೇಟೆ, ಒಮ್ಮೆ ಆಂಧ್ರದವರೆಗೂ. ಹೋದ ಮನೆಗಳಲ್ಲಿ ಮೊದಮೊದಲು ಪ್ರೀತಿ, ಊಟ, ಕಣ್ಣೀರು. ಎರಡನೇ ಸಲ ಹೋದರೆ ಸ್ವಲ್ಪ ಕಿರಿಕಿರಿ. ಆಲ್ಬಂ ಅಟ್ಟದ ಮೇಲಿದೆ ಎನ್ನುವವರು, ಮನೆ ಬದಲಿಸುವಾಗ ಎಲ್ಲೋ ಹೋಯಿತು ಎನ್ನುವವರು. ನಾನೂ ಕೆಲವು ಸಲ ಜೊತೆಗೆ ಹೋಗಿದ್ದೆ. ಒಂದು ಮನೆಯಲ್ಲಿ ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ, "ಬಿಟ್ಟು ಬಂದಿದ್ದಾಯ್ತಲ್ಲ ಮೇಡಂ, ಇನ್ನೂ ಎಂತಕ್ಕೆ" ಎಂದರು. ಮಿಸ್ ಎದ್ದು ಬಂದುಬಿಟ್ಟರು. ಬಸ್ ಹತ್ತಿದ ಮೇಲೆ, "ಅವ್ರ ಹೆಂಡತಿ ಮನೇಲಿದ್ದಾಗ ಬರ್ಬೇಕಿತ್ತು, ಅವ್ಳು ಕೊಡ್ತಾಳೆ" ಎಂದರು. ಮುಂದಿನ ಸಲ ಹಾಗೇ ಮಾಡಿ ಆಲ್ಬಂ ತಂದರು.

ಕ್ಯಾಂಟೀನ್ ಅಜ್ಜನ ಮಗಳ ಮನೆ ಕಾಸರಗೋಡಿನ ಹತ್ತಿರ ಸಿಕ್ಕಿತು. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಮಗಳು ಆ ಫೋಟೋ ತಂದುಕೊಟ್ಟರು. ತಗಡಿನ ಶೆಡ್ಡು, ಕೆಸರು, ಗಂಬೂಟು, ಎಲ್ಲ ಇತ್ತು. ಮಿಸ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ದಿನ ಇಬ್ಬರೂ ಕೇಳಿಸಿಕೊಂಡಿದ್ದೆವು, ನನ್ನ ಕೈಯಾರೆ ಟೈಪ್ ಮಾಡಿದ್ದೆ. ನಾಲ್ಕೈದು ಹೆಸರು ಹೇಗೋ ಹೊರಬಂದವು. ಜಾಸ್ತಿ ದಿವಸ ಇರಲಿಲ್ಲ ಎಂದಿದ್ದರಲ್ಲ ಅಜ್ಜ, ಆ ಹುಡುಗನ ಹೆಸರು ಮಾತ್ರ ಇಬ್ಬರಿಗೂ ಬರಲಿಲ್ಲ.

"ಫೋಟೋ ಸಿಕ್ತು ಕಣೇ" ಎಂದು ಅಷ್ಟಕ್ಕೇ ನಿಲ್ಲಿಸಿದರು ಮಿಸ್. ವಾಪಸು ಬರುವಾಗ ಚಾರ್ಮಾಡಿ ಘಾಟಿ ಹತ್ತುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು.

ಆಮೇಲಿಂದ ಕಾಪಿ ಮಾಡುವುದೊಂದು ಜ್ವರದ ಹಾಗೆ ಅವರಿಗೆ ಹತ್ತಿಕೊಂಡಿತು. ಅಷ್ಟಿಷ್ಟು ಕೂಡಿದ ಕೂಡಲೇ ಮೂಡಿಗೆರೆಯ ತಮ್ಮ ಮನೆಯಲ್ಲೊಂದು, ಭದ್ರಾವತಿಯಲ್ಲೊಂದು, ಕಳಸದಲ್ಲಿ ನನ್ನ ಹತ್ತಿರ ಒಂದು, ಮಂಗಳೂರಿನಲ್ಲಿ ನಾಯರ್ ಮನೆಯಲ್ಲೊಂದು, ಹೀಗೆ ಬೇರೆ ಊರುಗಳಲ್ಲೂ. ಒಂದೇ ಊರಲ್ಲಿ ಎರಡು ಇಡಬಾರದು, ಒಂದೇ ಗುಡುಗಿಗೆ ಎರಡೂ ಹೋಗುತ್ತವೆ ಎನ್ನುತ್ತಿದ್ದರು. ನನ್ನ ಮದುವೆಗೆ ಎಲ್ಲರೂ ಪಾತ್ರೆ, ಸೀರೆ ತಂದರೆ ಅವರು ತಂದದ್ದು ಒಂದು ಹಾರ್ಡ್‌ಡಿಸ್ಕ್. ಗಾಳಿಯಾಡದ ಡಬ್ಬಿ, ಅದರೊಳಗೆ ಹಸಿ ಹೀರುವ ಸಣ್ಣ ಪೊಟ್ಟಣಗಳು. ಮದುಮಗಳ ಕೈಗೆ ಅದನ್ನು ಕೊಟ್ಟು, "ಇಟ್ರೆ ಆಗ್ಲಿಲ್ಲ, ಆಗಾಗ ತೆಗೆದು ನೋಡ್ಬೇಕು" ಎಂದರು. ನಮ್ಮ ಅತ್ತೆಗೆ ಅದು ಯಾವುದೋ ಔಷಧಿ ಎನಿಸಿತ್ತು.

ಪ್ರತಿ ಮಳೆಗಾಲಕ್ಕೆ ಮೊದಲು, ಮುಗಿದ ಮೇಲೆ ಅವರ ಫೋನ್ ಬರುತ್ತಿತ್ತು. ಹೇಗಿದ್ದೀಯ ಎಂದೂ ಕೇಳುತ್ತಿರಲಿಲ್ಲ. "ತೆಗೆದು ನೋಡಿದ್ಯಾ?"

ಫೋಟೋಗಳನ್ನು ಮೊಬೈಲಿನಲ್ಲೇ ಕಳಿಸಬಹುದಾದ ಕಾಲ ಬಂದಾಗಲೂ ಅವರು ಒಪ್ಪಲಿಲ್ಲ. ಹಾಗೆ ಬಂದ ಫೋಟೋ ಕುಗ್ಗಿ ಬರುತ್ತದೆ, ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ ಎಂದು ಬಸ್ ಹತ್ತಿಯೇ ಹೋಗುತ್ತಿದ್ದರು. ಕೊನೆಯ ಎರಡು ಮೂರು ವರ್ಷ ವಯಸ್ಸಾದವರ ಮಾತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಕಂಪ್ಯೂಟರಿಗೆ ಹಾಕುತ್ತಿದ್ದರು. ಮನೆಯೊಳಗಿನ ಮಾತು, ಹೊರಗೆ ಹೋಗಬಾರದು ಎಂದು ಕೆಲವರು ಹೇಳಿದ್ದರಿಂದ ಕಂಪ್ಯೂಟರಿಗೂ, ಜೊತೆಗಿನ ಡಿಸ್ಕಿಗೂ ಪಾಸ್‌ವರ್ಡ್ ಹಾಕಿದ್ದರು. ಎಲ್ಲ ಮುಗಿದ ಮೇಲೆ ಕುದುರೆಮುಖದವರನ್ನು ಒಟ್ಟಿಗೆ ಕರೆದು ಎಲ್ಲರಿಗೂ ಹೊಸ ಕಾಪಿ ಕೊಡುವ ಯೋಚನೆ ಅವರದು. ಅದಕ್ಕೇ ಆ ಹೊಸದನ್ನು ಇನ್ನೂ ಯಾರಿಗೂ ಹಂಚಿರಲಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮೊದಲಿನ ಫೋನ್ ಬರಲಿಲ್ಲ. ನಾನೇ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಅಂಕಲ್ ಫೋನ್ ಬಂತು. ಮಿಸ್ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೊರಟವರು ಗೇಟಿನ ಹತ್ತಿರ ಕುಸಿದು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಕಾರ್ಯವೆಲ್ಲ ಆದ ಮೇಲೆ ಅಂಕಲ್ ಮತ್ತು ನಾನು ಆ ಕಂಪ್ಯೂಟರಿನ ಮುಂದೆ ಕೂತೆವು. ಅಂಕಲ್ ಹೆಸರು, ಊರಿನ ಹೆಸರು, ಮದುವೆಯ ದಿನ, ಕ್ವಾರ್ಟರ್ಸ್ ನಂಬರು... ತೋಚಿದ್ದನ್ನೆಲ್ಲ ಪಾಸ್‌ವರ್ಡ್ ಎಂದು ಹಾಕಿದೆವು. ಚಿಕ್ಕಮಗಳೂರಿನಿಂದ ಬಂದ ಹುಡುಗಿ, ಇಂಥ ಕೆಲಸದಲ್ಲಿ ಪಳಗಿದವಳು, ಬಹಳ ಹೊತ್ತು ನೋಡಿ, "ಇಡೀ ಡಿಸ್ಕಿಗೇ ಬೀಗ ಹಾಕಿದ್ದಾರೆ ಸರ್. ಅದು ಗೊತ್ತಿಲ್ದೆ ಆಗಲ್ಲ" ಎಂದಳು.

ಅವಳು ಹೋದ ಮೇಲೆ ಅಂಕಲ್ ಕಂಪ್ಯೂಟರ್ ಆರಿಸಿದರು. ಆಮೇಲೆ ಹೇಳಿದರು, "ಕಾಪಿ ಮಾಡಿಟ್ಕೋ ಅಂತ ಹೇಳ್ತಾನೇ ಇದ್ದೆ. ಪಾಸ್‌ವರ್ಡ್ ಯಾರಿಗಾದ್ರೂ ಹೇಳಿರು ಅಂತ ನಂಗೆ ಹೊಳೀಲೇ ಇಲ್ಲ ನೋಡು." ನಗಲು ಹೋದರು. ಆಗಲಿಲ್ಲ.

ಹಾಗಾಗಿ ನಾನು ಹಳೆಯ ಕಾಪಿಗಳನ್ನು ಹುಡುಕಿಕೊಂಡು ಹೊರಟೆ. ಫೋನ್ ಮಾಡಿದರೆ, ಎಲ್ಲೋ ಇರಬೇಕು ನೋಡ್ತೀನಿ ಎನ್ನುವ ಉತ್ತರ. ಒಂದು ಮನೆಯ ಡಿಸ್ಕಿನ ಮೇಲೆ ಮೊಮ್ಮಕ್ಕಳು ಸಿನಿಮಾ ತುಂಬಿಸಿದ್ದರು. ಇನ್ನೊಂದು ಸದ್ದು ಮಾಡಿ ನಿಂತಿತು. ನಾಯರ್ ಮನೆಯದು, ನನ್ನದು, ಭದ್ರಾವತಿಯದು ಸೇರಿ ಹಳೆಯದೆಲ್ಲ ಹೆಚ್ಚುಕಡಿಮೆ ಕೂಡಿಬಂತು. ಕೊನೆಯ ವರ್ಷಗಳಲ್ಲಿ ಮಿಸ್ ತಂದ ಫೋಟೋಗಳಿಲ್ಲ, ಆ ಮುದುಕರ ದನಿಗಳಿಲ್ಲ. ಅವರಲ್ಲೂ ಕೆಲವರು ಈಗಿಲ್ಲ. ಮೂಡಿಗೆರೆಯ ಆ ಕಂಪ್ಯೂಟರನ್ನು ಅಂಕಲ್ ಬಟ್ಟೆ ಮುಚ್ಚಿ ಹಾಗೇ ಇಟ್ಟುಕೊಂಡಿದ್ದಾರೆ. ಒಳಗೆ ಎಲ್ಲ ಇದೆ, ತೆರೆಯುವವರಿಲ್ಲ ಎನ್ನುವುದು ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ. ಕೆಲಸದ ನಡುವೆ ಯಾವುದೋ ಪದ ಹೊಳೆದರೆ ಅಂಕಲ್‌ಗೆ ಫೋನ್ ಮಾಡುತ್ತೇನೆ. ಅವರು ಹಾಕಿ ನೋಡುತ್ತಾರೆ. ಇಲ್ಲಮ್ಮ ಎನ್ನುತ್ತಾರೆ.

ಮೊನ್ನೆ ಭಾನುವಾರ ಮೂಡಿಗೆರೆಯಲ್ಲಿ ಅಂಕಲ್ ಮನೆಗೆ ಕುದುರೆಮುಖದವರನ್ನು ಕರೆದಿದ್ದೆವು. ಬಂದವರೇ ಸ್ವಲ್ಪ. ಆದರೂ ಮಾತು, ನಗು ಮನೆ ತುಂಬಿತ್ತು. ನಾನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಾ, ಎಲ್ಲರೂ ಒಟ್ಟಿಗೆ ಕೂಗಿ ಹೇಳುವ ಹೆಸರುಗಳನ್ನು ಟೈಪ್ ಮಾಡಿಕೊಳ್ಳುತ್ತಿದ್ದೆ. ಒಂದು ಫೋಟೋಕ್ಕೆ ಬಂದಾಗ ಸದ್ದು ಕಡಿಮೆಯಾಯಿತು. ಯಾವುದೋ ಕ್ವಾರ್ಟರ್ಸ್ ವರಾಂಡದಲ್ಲಿ ರೇನ್‌ಕೋಟ್ ತೊಟ್ಟ ಪುಟ್ಟ ಹುಡುಗಿ, ಮಳೆಗೆ ಕೈ ಚಾಚಿ ನಿಂತಿದ್ದಾಳೆ. ಹೆಸರು ಬರೆದಿರಲಿಲ್ಲ.

"ಯಾರಿದು?" ಎಂದರು ಒಬ್ಬರು.

ರೆಡ್ಡಿಯವರ ಮಗಳಿರಬೇಕು ಎಂದು ಒಬ್ಬರು, ಅಲ್ಲ ಎಂದು ಇನ್ನೊಬ್ಬರು. ಹಿಂದಿನ ಸಾಲಿನಿಂದ ಯಾರೋ, "ಮಿಸ್ ಇದ್ದಿದ್ರೆ ಹೇಳಿರೋರು" ಎಂದರು. ಅಂಕಲ್ ಎದ್ದು ಹೋಗಿ ಗೋಡೆಯ ಹತ್ತಿರ ನಿಂತು ಆ ಹುಡುಗಿಯ ಮುಖವನ್ನು ನೋಡಿದರು. ಗೊತ್ತಿಲ್ಲವೆಂದು ತಲೆಯಾಡಿಸಿ ಬಂದು ಕೂತರು.

ನಾನು ಫೋಟೋದ ಕೆಳಗೆ "ಗೊತ್ತಿಲ್ಲ" ಎಂದು ಟೈಪ್ ಮಾಡಿದೆ. ಹಾಗೆ ಬರೆಯಲು ಕೈ ಒಪ್ಪಲಿಲ್ಲ, ಆದರೂ ಬರೆದೆ. ಮುಂದಿನ ಫೋಟೋ ಹಾಕು ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು.